ಬಿತ್ತಿದ್ದನ್ನೇ ಕೊಯ್ಯುವುದು: ಪೌಲನ ಆ ಮಾತು ಯಾರಿಗೆ, ಯಾವುದಕ್ಕೆ?

"ಮನುಷ್ಯನು ತಾನು ಏನು ಬಿತ್ತುತ್ತಾನೋ ಅದನ್ನೇ ಕೊಯ್ಯಬೇಕು." ಯೇಸುವಿನ ಸುವಾರ್ತೆ ಸಾರಿದ ಪೌಲ ಗಲಾತ್ಯದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 6ನೇ ಅಧ್ಯಾಯ, 7ನೇ ವಚನ. ಸಭೆಗೆ, ಅಂದರೆ ಚರ್ಚಿಗೆ, ಹೋಗುವವರಿಗೆ ಇದು ಬಾಯಿಪಾಠ. ಹೋಗದವರಿಗೂ ಹೊಸದಲ್ಲ. ಮಾಡಿದ್ದುಣ್ಣೋ ಮಹರಾಯ ಅಂತ ನಾವೆಲ್ಲ ಎಷ್ಟು ಸಲ ಹೇಳಿಲ್ಲ!

ಆದರೆ ಈ ಮಾತನ್ನು ನಾವು ಯಾವಾಗ ಎತ್ತುತ್ತೇವೆ ಅಂತ ಸ್ವಲ್ಪ ಗಮನಿಸಿ. ಹೆಚ್ಚಾಗಿ ಬೇರೆಯವರಿಗೆ ಕಷ್ಟ ಬಂದಾಗ. ಯಾರದೋ ಮಗ ದಾರಿ ತಪ್ಪಿದ, ಯಾರದೋ ವ್ಯಾಪಾರ ಮುಳುಗಿತು, ಯಾರಿಗೋ ಕೆಟ್ಟ ಕಾಯಿಲೆ ಬಂತು. ತಕ್ಷಣ ಒಂದು ಮಾತು ಬರುತ್ತದೆ: "ಬಿತ್ತಿದ್ದನ್ನ ಕೊಯ್ತಿದ್ದಾರೆ ಬಿಡಿ." ಇನ್ನು ಕಾಣಿಕೆ ಎತ್ತುವ ಹೊತ್ತಿನಲ್ಲೂ ಇದೇ ವಚನ ಕೇಳಿಸುತ್ತದೆ. ಇವತ್ತು ಬಿತ್ತಿ, ದೇವರು ನೂರರಷ್ಟು ವಾಪಸ್ ಕೊಡುತ್ತಾನೆ ಅಂತ. ಒಂದು ಕಡೆ ನೊಂದವರ ಮೇಲೆ ಎತ್ತುವ ಕೋಲು, ಇನ್ನೊಂದು ಕಡೆ ಲಾಭದ ಲೆಕ್ಕ.

ಪೌಲ ಈ ಎರಡಕ್ಕೂ ಇದನ್ನು ಬರೆಯಲಿಲ್ಲ. ಬೀಜವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿರುವವನಿಗೆ ಅವನು ಹೇಳಿದ ಮಾತು ಇದು. ಪಕ್ಕದವನ ಹೊಲ ನೋಡಿ ತೀರ್ಪು ಕೊಡಲಿ ಅಂತ ಅಲ್ಲ. ಇದೊಂದು ತಿಳಿದರೆ ಉಳಿದ ಗೊಂದಲ ಬಹುಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ ಅಂತ ನನಗೆ ಅನ್ನಿಸುತ್ತದೆ.

ಆ ವಚನದ ಅಕ್ಕಪಕ್ಕ

ಗಲಾತ್ಯ ರೋಮ್ ಸಾಮ್ರಾಜ್ಯದ ಒಂದು ಪ್ರಾಂತ್ಯ. ಈಗಿನ ಟರ್ಕಿ ದೇಶದ ನಡುಭಾಗದಲ್ಲಿತ್ತು. ಅಲ್ಲಿನ ಸಭೆಗಳಿಗೆ ಪೌಲ ಕ್ರಿ.ಶ. 50ರ ಆಸುಪಾಸಿನಲ್ಲಿ ಈ ಪತ್ರ ಬರೆದ. ಅವನು ಅಲ್ಲಿಂದ ಹೊರಟ ಮೇಲೆ ಬೇರೆ ಬೋಧಕರು ಬಂದಿದ್ದರು. ಕ್ರಿಸ್ತನನ್ನು ನಂಬಿದರೆ ಸಾಲದು, ಸುನ್ನತಿಯೂ ಆಗಬೇಕು ಅಂತ ಅವರು ಹೇಳುತ್ತಿದ್ದರು. ಜಗಳ ಶುರುವಾಗಿತ್ತು. ನೀವು ಒಬ್ಬರನ್ನೊಬ್ಬರು ಕಚ್ಚಿ ನುಂಗುತ್ತಾ ಹೋದರೆ ಒಬ್ಬರಿಂದೊಬ್ಬರು ನಾಶವಾಗಿ ಹೋಗುತ್ತೀರಿ, ಎಚ್ಚರ ಅಂತ ಪೌಲ 5ನೇ ಅಧ್ಯಾಯದಲ್ಲಿ ಬರೆಯುವುದು ಇದೇ ಜನರಿಗೆ.

ಅದರ ಹಿಂದೆಯೇ ಎರಡು ಪಟ್ಟಿಗಳು ಬರುತ್ತವೆ. ಮೊದಲನೆಯದು ಶರೀರಭಾವದ ಕೆಲಸಗಳು. ಇಲ್ಲಿ ಶರೀರಭಾವ ಅಂದರೆ ಮೈಯೇ ಕೆಟ್ಟದ್ದು ಅಂತಲ್ಲ. ದೇವರನ್ನು ಪಕ್ಕಕ್ಕಿಟ್ಟು, ನಾನು ನನ್ನದು ಅಂತ ಬದುಕುವ ರೀತಿ. ಆ ಪಟ್ಟಿಯಲ್ಲಿ ಕುಡಿತ, ಹಾದರ ಇವೆಯಲ್ಲ ಅಂತ ನಾವು ಬೇಗ ನೆನಪಿಸಿಕೊಳ್ಳುತ್ತೇವೆ. ಆದರೆ ಸುಮಾರು ಅರ್ಧ ಪಟ್ಟಿ ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಒಡಕು, ಗುಂಪುಗಾರಿಕೆ ಇವೇ. ದಿನವೂ ಸಭೆಗೆ ಬರುವವರಲ್ಲೂ ಇರುವಂಥವು. ಎರಡನೆಯದು ಪವಿತ್ರಾತ್ಮನ ಫಲ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೆತನ, ನಂಬಿಗಸ್ತಿಕೆ, ಸೌಮ್ಯತೆ, ತನ್ನನ್ನು ತಾನು ಹತೋಟಿಯಲ್ಲಿಡುವುದು.

ಈಗ 6ನೇ ಅಧ್ಯಾಯಕ್ಕೆ ಬನ್ನಿ. ಮೊದಲ ವಚನವೇ ನೋಡಿ. ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅಂಥವನನ್ನು ಮೃದುವಾಗಿ ಸರಿದಾರಿಗೆ ತನ್ನಿ. ಎರಡನೆಯದು, ಒಬ್ಬರ ಭಾರ ಇನ್ನೊಬ್ಬರು ಹೊತ್ತುಕೊಳ್ಳಿ. ನಾಲ್ಕನೆಯದು, ಪ್ರತಿಯೊಬ್ಬನೂ ತನ್ನ ಕೆಲಸವನ್ನು ತಾನು ಪರೀಕ್ಷಿಸಿಕೊಳ್ಳಲಿ, ಇನ್ನೊಬ್ಬನ ಜೊತೆ ಹೋಲಿಸಿಕೊಳ್ಳುವುದು ಬೇಡ. ಆರನೆಯದು, ದೇವರ ವಾಕ್ಯ ಕಲಿಯುವವನು ಕಲಿಸುವವನಿಗೆ ತನ್ನಲ್ಲಿರುವುದರಲ್ಲಿ ಪಾಲು ಕೊಡಲಿ. ಇಷ್ಟೆಲ್ಲ ಹೇಳಿದ ಮೇಲೆ ಏಳನೇ ವಚನ, ಬಿತ್ತಿದ್ದನ್ನೇ ಕೊಯ್ಯುವ ಮಾತು.

ಬಿದ್ದವನನ್ನು ಎತ್ತಿ ಅಂತ ಹೇಳಿದವನು ಆರೇ ವಚನ ದಾಟುವಷ್ಟರಲ್ಲಿ, ಬಿದ್ದವನನ್ನು ನೋಡಿ "ನಿನಗೆ ಹೀಗೇ ಆಗಬೇಕು" ಅಂತ ಹೇಳುವುದಕ್ಕೆ ನಮಗೆ ವಚನ ಒದಗಿಸುತ್ತಾನಾ? ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ. ಪೌಲ ಇಲ್ಲಿ ಎರಡು ಹೊಲ ತೋರಿಸುತ್ತಾನೆ. ಶರೀರಭಾವ ಒಂದು ಹೊಲ, ಆತ್ಮ ಒಂದು ಹೊಲ. ಮೊದಲನೆಯದರಲ್ಲಿ ಬಿತ್ತಿದರೆ ಸಿಗುವುದು ನಾಶ. ಎರಡನೆಯದರಲ್ಲಿ ಬಿತ್ತಿದರೆ ಸಿಗುವುದು ನಿತ್ಯಜೀವ. ಕಾಯಿಲೆ, ಬಡತನ, ಸಂಬಳ, ಮನೆ, ಕಾರು ಯಾವುದೂ ಈ ಪಟ್ಟಿಯಲ್ಲಿಲ್ಲ. ನಾವು ಯಾವುದನ್ನು ಸುಗ್ಗಿ ಅಂತ ಲೆಕ್ಕ ಹಾಕುತ್ತೇವೋ ಅದನ್ನು ಪೌಲ ಇಲ್ಲಿ ಹೆಸರಿಸಿಯೂ ಇಲ್ಲ.

ಬೀಜ ಹೇಗೋ ಬೆಳೆ ಹಾಗೆ

ಸತ್ಯವೇದ (ಬೈಬಲ್) ಬರೆದವರೂ ಕೇಳಿದವರೂ ಹೊಲ ಗೊತ್ತಿದ್ದ ಜನ. ಇಸ್ರಾಯೇಲಿನಲ್ಲಿ ಬೇಸಿಗೆ ಕಳೆದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಮುಂಗಾರು ಬಂದಾಗ ಉತ್ತು ಬಿತ್ತುತ್ತಿದ್ದರು. ಚಳಿಗಾಲವಿಡೀ ಕಾಯುತ್ತಿದ್ದರು. ಮಾರ್ಚ್, ಏಪ್ರಿಲಿನ ಹಿಂಗಾರು ಕಾಳು ಗಟ್ಟಿ ಮಾಡುತ್ತಿತ್ತು. ಯೆಹೂದ್ಯರ ಪಸ್ಕ ಹಬ್ಬದ ಸುಮಾರಿಗೆ ಜವೆಗೋದಿ ಕೊಯ್ಲು, ಅದಾಗಿ ಕೆಲವು ವಾರಕ್ಕೆ ಗೋದಿ ಕೊಯ್ಲು. ಯಾವ ಬೀಜ ಹಾಕಿದೆವೋ ಅದೇ ಬರುತ್ತದೆ, ಹಾಕಿದ್ದಕ್ಕಿಂತ ಜಾಸ್ತಿ ಬರುತ್ತದೆ, ತಡವಾಗಿ ಬರುತ್ತದೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ಬೀಜ ಅದೇ ಬೆಳೆ ಅನ್ನುವುದಕ್ಕೆ ಸತ್ಯವೇದದಲ್ಲಿ ಯಾಕೋಬನ ಕಥೆಗಿಂತ ಚುರುಕಾದದ್ದು ನನಗೆ ಕಾಣುವುದಿಲ್ಲ. ಆದಿಕಾಂಡ 27ರಲ್ಲಿ ಅವನು ಕಣ್ಣು ಮಂಜಾದ ಅಪ್ಪ ಇಸಾಕನ ಮುಂದೆ ನಿಲ್ಲುತ್ತಾನೆ. ಮೈಮೇಲೆ ಅಣ್ಣ ಏಸಾವನ ಬಟ್ಟೆ. ಕೈಗೂ ಕುತ್ತಿಗೆಗೂ ಆಡಿನ ಮರಿಯ ಚರ್ಮ ಸುತ್ತಿಕೊಂಡಿದ್ದಾನೆ, ಅಪ್ಪ ಮುಟ್ಟಿ ನೋಡಿದರೆ ಅಣ್ಣನ ಹಾಗೆ ರೋಮ ಸಿಗಲಿ ಅಂತ. ಹಿರಿಯನಿಗೆ ಸಲ್ಲಬೇಕಾದ ಆಶೀರ್ವಾದ ಕಿರಿಯನಿಗೆ ಸಿಕ್ಕಿಬಿಡುತ್ತದೆ.

ಮುಂದೆ ಅವನು ಸೋದರಮಾವ ಲಾಬಾನನ ಮನೆ ಸೇರುತ್ತಾನೆ. ಲಾಬಾನನ ಕಿರಿಯ ಮಗಳು ರಾಹೇಲಳನ್ನು ಮದುವೆಯಾಗುವುದಕ್ಕೆ ಏಳು ವರ್ಷ ದುಡಿಯುತ್ತಾನೆ. ಮದುವೆ ರಾತ್ರಿ ಕಳೆದು ಬೆಳಗಾದರೆ ಪಕ್ಕದಲ್ಲಿರುವವಳು ಅವಳ ಅಕ್ಕ ಲೇಯಾ. ಯಾಕೆ ಹೀಗೆ ಮೋಸ ಮಾಡಿದೆ ಅಂತ ಕೇಳಿದರೆ ಲಾಬಾನ ಹೇಳುವುದು ಏನು ಗೊತ್ತಾ? ಹಿರಿಯವಳನ್ನು ಬಿಟ್ಟು ಕಿರಿಯವಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯವನ ಜಾಗದಲ್ಲಿ ಕಿರಿಯವನಾಗಿ ನಿಂತು ಬಂದವನಿಗೆ ಈ ಮಾತು ಹೇಗೆ ಚುಚ್ಚಿರಬೇಕು.

ಅಲ್ಲಿಗೂ ಮುಗಿಯಲಿಲ್ಲ. ವರ್ಷಗಳು ಕಳೆದು ಯಾಕೋಬ ತಾನೇ ಮುದುಕನಾದಾಗ ಅವನ ಮಕ್ಕಳು ತಮ್ಮ ಯೋಸೇಫನನ್ನು ಮಾರಿ ಮನೆಗೆ ಬರುತ್ತಾರೆ. ಕೈಯಲ್ಲಿ ಯೋಸೇಫನ ಅಂಗಿ. ಅದನ್ನು ಆಡಿನ ರಕ್ತದಲ್ಲಿ ಅದ್ದಿ ತಂದಿದ್ದಾರೆ. ಇದು ನಿನ್ನ ಮಗನ ಅಂಗಿಯೋ ಅಲ್ಲವೋ ನೋಡು ಅನ್ನುತ್ತಾರೆ. ಆಡು, ಅಣ್ಣತಮ್ಮನ ಬಟ್ಟೆ, ಮೋಸಹೋಗುವ ಅಪ್ಪ. ಅಂದು ಅವನು ಬಳಸಿದ ಸಾಮಾನೆಲ್ಲ ಅವನ ಮುಂದೆಯೇ ವಾಪಸ್ ಬಂದಿದೆ. ಆದಿಕಾಂಡ ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಸುಮ್ನೆ ಕಥೆ ಹೇಳಿಕೊಂಡು ಹೋಗುತ್ತದೆ. ಯಾಕೋಬನನ್ನು ದೇವರು ಕೈಬಿಡಲೂ ಇಲ್ಲ. ಆಶೀರ್ವಾದವೂ ಇತ್ತು, ಕೊಯ್ಲೂ ಇತ್ತು.

ನಮ್ಮ ದಿನನಿತ್ಯದ ಬದುಕಿನಲ್ಲಿ ಇದು ಇಷ್ಟು ನಾಟಕೀಯವಾಗಿ ಕಾಣುವುದಿಲ್ಲ. ಒಂದು ಆಫೀಸು ಅಂದುಕೊಳ್ಳಿ. ಮೇಲಿನವನೊಬ್ಬ ಕೈಕೆಳಗಿನವರ ಕೆಲಸವನ್ನು ತನ್ನದೇ ಅಂತ ತೋರಿಸಿಕೊಳ್ಳುತ್ತಾನೆ. ತಪ್ಪಾದಾಗ ಮಾತ್ರ ಅವರ ಹೆಸರು ಹೇಳುತ್ತಾನೆ. ಮೊದಮೊದಲು ಏನೂ ಆಗುವುದಿಲ್ಲ. ಬಡ್ತಿಯೂ ಸಿಗಬಹುದು. ಆದರೆ ನಿಧಾನಕ್ಕೆ ಕೆಳಗಿನವರು ಮಾತು ಕಡಿಮೆ ಮಾಡುತ್ತಾರೆ. ಒಳ್ಳೆ ಐಡಿಯಾ ಬಂದರೂ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾದರೂ "ನಮಗ್ಯಾಕೆ, ಹೇಳಿದರೆ ನಮ್ಮ ತಲೆಗೇ ಕಟ್ಟುತ್ತಾರೆ" ಅಂತ ಸುಮ್ಮನಿರುತ್ತಾರೆ. ಒಂದು ದಿನ ಅದು ದೊಡ್ಡದಾಗಿ ಹೊರಗೆ ಬೀಳುತ್ತದೆ. ಎಲ್ಲರಿಗೂ ಮೊದಲೇ ಗೊತ್ತಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ. ಅವನ ಮೇಲೆ ಆಕಾಶದಿಂದ ಸಿಡಿಲೇನೂ ಬೀಳಲಿಲ್ಲ. ಪ್ರತಿದಿನ ಅವನೇ ಬಿತ್ತಿದ ಹೆದರಿಕೆ ಬೆಳೆದು ನಿಂತಿತು, ಅಷ್ಟೇ.

ಒಳ್ಳೆಯದೂ ಹೀಗೇ ಸದ್ದಿಲ್ಲದೆ ಬೆಳೆಯುತ್ತದೆ. ಆರು ವರ್ಷದ ಮಗು ಶಾಲೆಯಿಂದ ಬಂದು ಯಾರ ಪೆನ್ಸಿಲನ್ನು ಯಾರು ತೆಗೆದರು, ಆಮೇಲೆ ಟೀಚರ್ ಏನಂದರು ಅಂತ ಉದ್ದಕ್ಕೂ ಹೇಳುತ್ತದೆ. ತಲೆಬುಡ ಇಲ್ಲದ ಕಥೆ. ಅಮ್ಮನಿಗೆ ನೂರು ಕೆಲಸ. ಆದರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಮಗುವಿನ ಮುಖ ನೋಡಿ, "ಆಮೇಲೆ?" ಅನ್ನುತ್ತಾಳೆ. ಅವತ್ತು ಅದರಿಂದ ಏನೂ ಸಿಗುವುದಿಲ್ಲ, ಕೆಲಸ ತಡವಾಗುತ್ತದೆ. ಹತ್ತು ವರ್ಷದ ನಂತರ ಅದೇ ಮಗುವಿಗೆ ನಿಜವಾದ ತೊಂದರೆಯೊಂದು ಬಂದಾಗ, ಇದನ್ನು ಯಾರ ಹತ್ತಿರ ಹೇಳಿಕೊಳ್ಳಬಹುದು ಅಂತ ಅದಕ್ಕೆ ಗೊತ್ತಿರುತ್ತದೆ. ಪೆನ್ಸಿಲಿನ ಕಥೆ ಕೇಳಿಸಿಕೊಂಡವರು ಇದನ್ನೂ ಕೇಳಿಸಿಕೊಳ್ಳುತ್ತಾರೆ ಅನ್ನುವ ನಂಬಿಕೆ ಆಗಲೇ ಬೇರುಬಿಟ್ಟಿರುತ್ತದೆ.

ಮಾತಿನ ಬಗ್ಗೆ ಜ್ಞಾನೋಕ್ತಿಗಳ ಪುಸ್ತಕ ಪದೇ ಪದೇ ಎಚ್ಚರಿಸುವುದೂ ಇದಕ್ಕೇ. ಅಣ್ಣತಮ್ಮಂದಿರ ನಡುವೆ ಜಗಳ ಬಿತ್ತುವುದನ್ನು ದೇವರು ಹಗೆಮಾಡುವ ಏಳು ಸಂಗತಿಗಳ ಸಾಲಿನಲ್ಲಿ ಇಟ್ಟಿದೆ ಅದು. ಹೊಸ ಒಡಂಬಡಿಕೆಯ ಯಾಕೋಬನ ಪತ್ರ (ಈ ಯಾಕೋಬ ಬೇರೆಯವನು) ಇದರ ಇನ್ನೊಂದು ಮಗ್ಗುಲು ತೋರಿಸುತ್ತದೆ: ಸಮಾಧಾನ ಮಾಡುವವರು ಸಮಾಧಾನದಲ್ಲಿ ಬಿತ್ತುತ್ತಾರೆ, ನೀತಿಯ ಬೆಳೆ ಪಡೆಯುತ್ತಾರೆ.

ಹಾಕಿದ್ದಕ್ಕಿಂತ ಜಾಸ್ತಿ ಬರುತ್ತದೆ ಅನ್ನುವುದಕ್ಕೆ ಪ್ರವಾದಿ ಹೋಶೇಯನ ಮಾತು ಸಾಕು. ಕ್ರಿ.ಪೂ. 8ನೇ ಶತಮಾನದಲ್ಲಿ ಅವನು ಉತ್ತರ ಇಸ್ರಾಯೇಲ್ ರಾಜ್ಯದ ಜನರಿಗೆ ಹೇಳಿದ್ದು: ಗಾಳಿಯನ್ನು ಬಿತ್ತುತ್ತಾರೆ, ಬಿರುಗಾಳಿಯನ್ನು ಕೊಯ್ಯುತ್ತಾರೆ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರು ಆ ರಾಜ್ಯವನ್ನೇ ಅಳಿಸಿಹಾಕಿದರು. ಆದರೆ ಅದೇ ಹೋಶೇಯ ಇನ್ನೂ ಬಿತ್ತುವ ಹೊತ್ತು ಮುಗಿದಿಲ್ಲ ಅಂತಲೂ ಬೇಡಿಕೊಂಡಿದ್ದ. ಪಾಳುಬಿದ್ದ ನೆಲ ಉತ್ತು ನೀತಿಯ ಬೀಜ ಬಿತ್ತಿ, ಯೆಹೋವನನ್ನು ಹುಡುಕುವ ಸಮಯ ಇದು ಅಂತ.

ಕಾಯುವ ಕಾಲ

ಈ ನಿಯಮದಲ್ಲಿ ನಮಗೆ ಕಷ್ಟವಾಗುವುದು ತಡ. ಕೆಟ್ಟದ್ದು ಮಾಡಿದವನಿಗೆ ಕೂಡಲೇ ಏನೂ ಆಗದಿದ್ದರೆ, ಏನೂ ಆಗುವುದಿಲ್ಲ ಅಂದುಕೊಳ್ಳುತ್ತಾನೆ. ಒಳ್ಳೆಯದು ಮಾಡಿದವನಿಗೂ ಕೂಡಲೇ ಏನೂ ಕಾಣದಿದ್ದರೆ, ಮಾಡಿ ಏನು ಪ್ರಯೋಜನ ಅನ್ನಿಸುತ್ತದೆ. ಮೋಸಹೋಗಬೇಡಿ ಅಂತ ಪೌಲ ಶುರುಮಾಡುವುದು ಮೊದಲನೆಯವನಿಗೆ. ಬೇಸರಗೊಳ್ಳಬೇಡಿ, ಮನಗುಂದದಿದ್ದರೆ ತಕ್ಕ ಸಮಯದಲ್ಲಿ ಕೊಯ್ಯುವೆವು ಅಂತ ಮುಗಿಸುವುದು ಎರಡನೆಯವನಿಗೆ.

ಕೀರ್ತನೆ 126 ನನಗೆ ತುಂಬ ಹತ್ತಿರ. ಕಣ್ಣೀರಿಡುತ್ತಾ ಬಿತ್ತುವವರು ಹಾಡುತ್ತಾ ಕೊಯ್ಯುವರು ಅನ್ನುವ ಕೀರ್ತನೆ ಅದು. ಬಿತ್ತುವವನು ಯಾಕೆ ಅಳುತ್ತಾನೆ? ಬರಗಾಲದ ಮನೆಯನ್ನು ನೆನೆಸಿಕೊಳ್ಳಿ. ಕಣಜದ ತಳದಲ್ಲಿ ಒಂದಿಷ್ಟು ಕಾಳು ಉಳಿದಿದೆ. ಮಕ್ಕಳು ಹಸಿದಿದ್ದಾರೆ. ಆ ಕಾಳನ್ನು ಬೀಸಿ ರೊಟ್ಟಿ ಮಾಡಬಹುದು. ಆದರೆ ಹಾಗೆ ಮಾಡಿದರೆ ಮುಂದಿನ ವರ್ಷಕ್ಕೆ ಏನೂ ಇಲ್ಲ. ಅದನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿ ಮಣ್ಣಿಗೆ ಚೆಲ್ಲಬೇಕು. ಇಷ್ಟು ನೋವಿನಿಂದ ಬಿತ್ತುವವರು ಇವತ್ತಿಗೂ ಇದ್ದಾರೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವವರು, ಅವಮಾನ ಮಾಡಿದವರನ್ನು ಕ್ಷಮಿಸಿ ಮತ್ತೆ ಮಾತಾಡಿಸುವವರು. ಅವರಿಗೆ ಮಿಕ್ಕ ಶಕ್ತಿಯೆಲ್ಲ ಅದರಲ್ಲೇ ಹೋಗುತ್ತದೆ. ಅವರ ಕಣ್ಣೀರನ್ನು ನಂಬಿಕೆ ಕಡಿಮೆ ಅಂತ ಓದುವುದು ದೊಡ್ಡ ತಪ್ಪು.

ಮಾರ್ಕ 4ನೇ ಅಧ್ಯಾಯದಲ್ಲಿ ಯೇಸು ಹೇಳಿದ ಚಿಕ್ಕ ಸಾಮ್ಯ, ಅಂದರೆ ದೃಷ್ಟಾಂತದ ಕಥೆಯೊಂದಿದೆ. ಒಬ್ಬನು ಬೀಜ ಹಾಕಿ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ಹೊಡೆ, ಆಮೇಲೆ ತೆನೆ ತುಂಬ ಕಾಳು. ಬಿತ್ತುವುದು ನಮ್ಮ ಕೆಲಸ, ಬೆಳೆಸುವುದು ಅಲ್ಲ. ಕೊರಿಂಥದವರಿಗೆ ಪೌಲ ಹೇಳಿದ್ದೂ ಅದೇ: ನಾನು ಸಸಿ ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದ, ಬೆಳೆಸಿದವನು ದೇವರು. ಇದು ಗೊತ್ತಿದ್ದರೆ ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ.

ಪಕ್ಕದವನ ಹೊಲ

ಈಗ ನಾನು ಮೊದಲು ಹೇಳಿದ ಕೋಲಿನ ವಿಷಯ. ಯೋಬನ ಪುಸ್ತಕ ತೆಗೆಯಿರಿ. ಯೋಬನು ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡು ಬೂದಿಯಲ್ಲಿ ಕೂತಿದ್ದಾನೆ. ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅಷ್ಟರವರೆಗೆ ಎಲ್ಲ ಸರಿ. ಆಮೇಲೆ ಎಲೀಫಜ ಬಾಯಿ ತೆರೆಯುತ್ತಾನೆ. ಅವನ ಮೊದಲ ಭಾಷಣದಲ್ಲೇ, 4ನೇ ಅಧ್ಯಾಯದ 8ನೇ ವಚನದಲ್ಲಿ, ಈ ಮಾತು ಬರುತ್ತದೆ: ನಾನು ನೋಡಿದ ಹಾಗೆ ಅಧರ್ಮವನ್ನು ಉತ್ತು ಕೇಡನ್ನು ಬಿತ್ತುವವರು ಅದನ್ನೇ ಕೊಯ್ಯುತ್ತಾರೆ.

ಪೌಲ ಹೇಳಿದ್ದಕ್ಕೂ ಇದಕ್ಕೂ ಮಾತಿನಲ್ಲಿ ಏನು ವ್ಯತ್ಯಾಸ? ಹೆಚ್ಚೇನೂ ಇಲ್ಲ. ಆದರೆ ಪುಸ್ತಕದ ಕೊನೆಯಲ್ಲಿ ದೇವರು ಎಲೀಫಜನಿಗೆ ನೇರವಾಗಿ ಹೇಳುತ್ತಾನೆ: ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನನ್ನ ವಿಷಯದಲ್ಲಿ ನೀವು ಯೋಬನ ಹಾಗೆ ಸರಿಯಾದದ್ದನ್ನು ಆಡಲಿಲ್ಲ. ನಿಜವಾದ ನಿಯಮವನ್ನೇ ಹಿಡಿದುಕೊಂಡು ಸುಳ್ಳು ಹೇಳಬಹುದು ಅಂತ ಇಲ್ಲಿ ಗೊತ್ತಾಗುತ್ತದೆ. ಎಲೀಫಜ ಬೆಳೆ ನೋಡಿ ಬೀಜವನ್ನು ಊಹಿಸಿದ. ಕಷ್ಟ ಇದೆ, ಆದ್ದರಿಂದ ಪಾಪ ಇರಲೇಬೇಕು ಅಂದ. ಬಿತ್ತಿದ್ದನ್ನು ಕೊಯ್ಯುತ್ತೇವೆ ಅನ್ನುವುದು ನಿಜ. ಆದರೆ ನಮ್ಮ ಹೊಲದಲ್ಲಿ ಇರುವುದೆಲ್ಲ ನಾವೇ ಬಿತ್ತಿದ್ದು ಅಂತ ಸತ್ಯವೇದ ಎಲ್ಲೂ ಹೇಳಿಲ್ಲ.

ಯೇಸು ಈ ತರ್ಕವನ್ನು ಎರಡು ಸಲವಾದರೂ ನೇರವಾಗಿ ತಳ್ಳಿಹಾಕಿದನು. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರೆಲ್ಲರಿಗಿಂತ ತಪ್ಪಿತಸ್ಥರು ಅಂದುಕೊಂಡಿರಾ, ಅಲ್ಲವೇ ಅಲ್ಲ ಅಂದನು. ಅಷ್ಟಕ್ಕೇ ಬಿಡದೆ ಕೇಳುತ್ತಿದ್ದವರ ಕಡೆಗೇ ತಿರುಗಿ, ನೀವು ದೇವರ ಕಡೆಗೆ ತಿರುಗಿಕೊಳ್ಳಿ ಅಂದನು. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಇವನು ಪಾಪ ಮಾಡಿದನೋ ಇವನ ತಂದೆತಾಯಿ ಮಾಡಿದರೋ ಅಂತ ಕೇಳಿದಾಗ, ಇವನೂ ಅಲ್ಲ, ಅವರೂ ಅಲ್ಲ ಅಂದನು.

ಗೋದಿ ಹೊಲದಲ್ಲಿ ರಾತ್ರಿ ಹೊತ್ತು ವೈರಿ ಬಂದು ಕಳೆ ಬಿತ್ತಿ ಹೋಗುವ ಸಾಮ್ಯ ನೆನಪಿದೆಯಲ್ಲ? ಯಜಮಾನ ಬಿತ್ತಿದ್ದು ಒಳ್ಳೆ ಬೀಜವೇ. ಆದರೂ ಹೊಲದಲ್ಲಿ ಕಳೆ. ಆ ಕಳೆ ತೆನೆ ಬರುವವರೆಗೂ ಗೋದಿಯ ಹಾಗೇ ಕಾಣುತ್ತದೆ. ಹೊಡೆತ ತಿಂದು ಬೆಳೆದ ಮಗು, ಮೋಸಹೋದ ಹೆಂಡತಿ, ಕುಡುಕನ ಗಾಡಿ ಗುದ್ದಿ ಕಾಲು ಕಳೆದುಕೊಂಡವನು ಇವರೆಲ್ಲ ಕೊಯ್ಯುತ್ತಿರುವುದು ಬೇರೆಯವರು ಬಿತ್ತಿದ್ದನ್ನು. ಅವರ ಹತ್ತಿರ ಹೋಗಿ ಗಲಾತ್ಯ 6:7 ಓದುವುದು ಎಲೀಫಜನ ಕೆಲಸ.

ಅದರಲ್ಲೂ ಒಂದು ಗುಂಪಿನ ಪರವಾಗಿ ನಾನು ಹೇಳಲೇಬೇಕು. ಮಕ್ಕಳು ನಂಬಿಕೆ ಬಿಟ್ಟು ಹೋದ ತಂದೆತಾಯಿಗಳು. "ನೀವು ಸರಿಯಾಗಿ ಬೆಳೆಸಿದ್ದರೆ ಹೀಗಾಗುತ್ತಿತ್ತಾ?" ಅನ್ನುವ ಮಾತು ಅವರು ಎಷ್ಟು ಕೇಳಿರುತ್ತಾರೋ. ಆ ಪೆನ್ಸಿಲಿನ ಕಥೆ ಕೇಳಿಸಿಕೊಂಡ ಅಮ್ಮನ ಮಗನೂ ಒಂದು ದಿನ ಮನೆ ಬಿಟ್ಟು ಹೋಗಬಹುದು. ಮಗು ಮಣ್ಣಲ್ಲ, ಅದಕ್ಕೂ ಒಂದು ಮನಸ್ಸಿದೆ, ಅದೂ ಬಿತ್ತುತ್ತದೆ. ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಲ್ಲೇ ದೇವರು ಹೇಳುತ್ತಾನೆ: ನಾನು ಮಕ್ಕಳನ್ನು ಸಾಕಿ ಸಲಹಿದೆ, ಅವರು ನನಗೇ ತಿರುಗಿಬಿದ್ದರು. ದೇವರ ಸಾಕಣೆಯಲ್ಲಿ ಕೊರತೆ ಇತ್ತು ಅಂತ ಯಾರಾದರೂ ಹೇಳುತ್ತೀರಾ?

ಕಾಣಿಕೆ ಚೀಲದ ಮುಂದೆ

ಇನ್ನು ಹಣದ ವಿಷಯ. ಸ್ವಲ್ಪ ಬಿತ್ತುವವನು ಸ್ವಲ್ಪ ಕೊಯ್ಯುವನು, ಹೆಚ್ಚಾಗಿ ಬಿತ್ತುವವನು ಹೆಚ್ಚಾಗಿ ಕೊಯ್ಯುವನು ಅಂತ 2 ಕೊರಿಂಥ 9:6 ಹೇಳುತ್ತದೆ ನಿಜ. ಪೌಲ ಅಲ್ಲಿ ಮಾತಾಡುತ್ತಿರುವುದು ಹಣದ ಬಗ್ಗೆಯೇ, ಅದೂ ನಿಜ. ಆದರೆ ಯಾವ ಹಣ? ಯೆರೂಸಲೇಮಿನಲ್ಲಿ ಕಷ್ಟದಲ್ಲಿದ್ದ ಬಡ ವಿಶ್ವಾಸಿಗಳಿಗೆ ಕಳಿಸಲು ಎತ್ತುತ್ತಿದ್ದ ಹಣ. ಅದರಲ್ಲಿ ಪೌಲನ ಖರ್ಚಿಗೆ ಏನೂ ಇರಲಿಲ್ಲ. ಹಣದ ಬಗ್ಗೆ ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳೇ ನೇಮಿಸಿದ ಒಬ್ಬನನ್ನು ಜೊತೆಗೆ ಕಳಿಸುವ ಏರ್ಪಾಡೂ ಇತ್ತು. ಇದು 8ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ.

ಅವನು ಮಾದರಿಯಾಗಿ ತೋರಿಸಿದ್ದು ಮಕೆದೋನ್ಯದ ಸಭೆಗಳನ್ನು. ಅವರು ಕಡುಬಡವರು. ಶಕ್ತಿ ಮೀರಿ ಕೊಟ್ಟರು. ಅದಕ್ಕೆ ಬದಲಾಗಿ ಸಾಹುಕಾರರಾದರು ಅಂತ ಪೌಲ ಎಲ್ಲೂ ಬರೆಯುವುದಿಲ್ಲ. ಮನಸ್ಸಿಲ್ಲದೆಯೋ ಬಲವಂತಕ್ಕೋ ಕೊಡುವುದು ಬೇಡ ಅಂತಲೂ ಬರೆಯುತ್ತಾನೆ. ಮತ್ತೆ ಕೊಡುವವನಿಗೆ ಸಿಗುವುದೇನು? ಎಲ್ಲಾ ಒಳ್ಳೆ ಕೆಲಸಕ್ಕೆ ಬೇಕಾಗುವಷ್ಟು ಇರುತ್ತದೆ, ನೀತಿಯ ಬೆಳೆ ಹೆಚ್ಚುತ್ತದೆ, ಪಡೆದವರು ದೇವರಿಗೆ ಸ್ತೋತ್ರ ಮಾಡುತ್ತಾರೆ. ಅಂದರೆ ಕೊಟ್ಟವನಿಗೆ ಇನ್ನಷ್ಟು ಕೊಡಲು ದೇವರು ಬೀಜ ಒದಗಿಸುತ್ತಾನೆ.

ಹಣವನ್ನು ಬೀಜ ಅಂತ ಕರೆದು, ಇಷ್ಟು ಹಾಕಿದರೆ ಇಷ್ಟು ಪಟ್ಟು ಬರುತ್ತದೆ ಅಂತ ಬೋಧಿಸುವುದು ಇಷ್ಟು ಹರಡಿದ್ದು 20ನೇ ಶತಮಾನದಲ್ಲಿ. ಅಮೆರಿಕದ ಬೋಧಕ ಓರಲ್ ರಾಬರ್ಟ್ಸ್ ಕಾಣಿಕೆಯನ್ನು ನಂಬಿಕೆಯ ಬೀಜ ಅಂತ ಕರೆದು ರೇಡಿಯೋ, ಟೀವಿಗಳಲ್ಲಿ ಜನಪ್ರಿಯಗೊಳಿಸಿದರು. 2010ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಲೊಸಾನ್ ಸಮ್ಮೇಳನ ಸೇರಿದಾಗ, ಹಲವು ದೇಶಗಳ ಸುವಾರ್ತಾ ಸಭೆಗಳ ನಾಯಕರು ಸಮೃದ್ಧಿಯ ಸುವಾರ್ತೆ ಅನ್ನಿಸಿಕೊಳ್ಳುವ ಈ ಬಗೆಯ ಬೋಧನೆಯನ್ನು ಸುಳ್ಳು ಸುವಾರ್ತೆ ಅನ್ನಬಹುದು ಅಂತ ಹೇಳಿ ಅದರ ಅತಿರೇಕಗಳನ್ನು ತಿರಸ್ಕರಿಸಿದರು. ನನ್ನ ಮಾತೂ ಅದೇ. ಸಾಲದಲ್ಲಿರುವ ಮನೆಯವರ ಹತ್ತಿರ, ಸಾಲ ತೀರಬೇಕಾದರೆ ಇಲ್ಲಿ ಬಿತ್ತಿ ಅಂತ ಕಾಣಿಕೆ ಕೇಳುವುದು ಪಾಪ. ಪೌಲ ಬಡವರಿಗಾಗಿ ಎತ್ತಿದ ಕಾಣಿಕೆಯ ವಚನವನ್ನು ಬಡವರಿಂದ ಕಿತ್ತುಕೊಳ್ಳುವುದಕ್ಕೆ ಬಳಸಿದಂತೆ ಅದು.

ಗಲಾತ್ಯ 6:6 ಬೋಧಕನಿಗೆ ಪಾಲು ಕೊಡಿ ಅನ್ನುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಖಂಡಿತ ಕೊಡಬೇಕು. ಕಲಿಸುವವನ ಹೊಟ್ಟೆ ನೋಡದ ಸಭೆ ತನ್ನ ಶರೀರಭಾವದ ಹೊಲದಲ್ಲೇ ಬಿತ್ತುತ್ತಿದೆ. ಆದರೆ ಅಲ್ಲೂ ಇಮ್ಮಡಿ ವಾಪಸ್ ಬರುವ ಮಾತಿಲ್ಲ.

ಕೆಟ್ಟದ್ದು ಬಿತ್ತಿ ಆಗಿದ್ದರೆ?

ಇದು ಕರ್ಮ ಸಿದ್ಧಾಂತವೇ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಮಾಡಿದ್ದಕ್ಕೆ ಫಲ ಇದೆ ಅನ್ನುವಷ್ಟರ ಮಟ್ಟಿಗೆ ಎರಡೂ ಹತ್ತಿರ. ಆದರೆ ಹಿಂದಿನ ಜನ್ಮದ ಲೆಕ್ಕ ಈ ಜನ್ಮಕ್ಕೆ ಬರುತ್ತದೆ ಅಂತ ಸತ್ಯವೇದ ಹೇಳುವುದಿಲ್ಲ. ಒಂದೇ ಬದುಕು, ಆಮೇಲೆ ನ್ಯಾಯತೀರ್ಪು ಅಂತ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಇಲ್ಲಿ ಬಿತ್ತನೆ ಮತ್ತು ಕೊಯ್ಲಿನ ನಡುವೆ ಒಬ್ಬ ದೇವರಿದ್ದಾನೆ. ಅವನು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ. ಕ್ಷಮಿಸುತ್ತಾನೆ. ಕ್ರೈಸ್ತರು ಶಿಲುಬೆಯ ಬಗ್ಗೆ ಹೇಳುವುದು ಇದನ್ನೇ: ನಾವು ಬಿತ್ತಿದ್ದನ್ನು ಯೇಸು ಕೊಯ್ದನು, ಆತನು ಬಿತ್ತಿದ್ದನ್ನು ನಾವು ಕೊಯ್ಯುತ್ತಿದ್ದೇವೆ. ಗೋದಿಯ ಕಾಳು ಮಣ್ಣಿಗೆ ಬಿದ್ದು ಸತ್ತರೆ ಬಹಳ ಫಲ ಕೊಡುತ್ತದೆ ಅಂತ ಆತನೇ ತನ್ನ ಮರಣದ ಬಗ್ಗೆ ಹೇಳಿಕೊಂಡನು.

ಹಾಗಾದರೆ ಕ್ಷಮೆ ಸಿಕ್ಕಿದ ಮೇಲೆ ಕೊಯ್ಲು ರದ್ದಾಗುತ್ತದಾ? ದೇವರ ಮುಂದಿನ ತೀರ್ಪು ರದ್ದಾಗುತ್ತದೆ. ಈ ಲೋಕದಲ್ಲಿ ಮೊಳೆತು ನಿಂತದ್ದು ಬಹಳ ಸಲ ಉಳಿಯುತ್ತದೆ. ಅರಸ ದಾವೀದ ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿ ಅವಳ ಗಂಡ ಊರೀಯನನ್ನು ಕೊಲ್ಲಿಸಿದ. ಪ್ರವಾದಿ ನಾತಾನನು ಬಂದು ಎದುರಿಗೆ ನಿಂತಾಗ ತಪ್ಪು ಒಪ್ಪಿಕೊಂಡ. ಯೆಹೋವನು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ, ನೀನು ಸಾಯುವುದಿಲ್ಲ ಅಂದ ನಾತಾನನೇ, ಕತ್ತಿ ನಿನ್ನ ಮನೆಯನ್ನು ಬಿಡುವುದಿಲ್ಲ ಅಂತಲೂ ಹೇಳಿದ್ದ. ಮುಂದೆ ಅವನ ಮನೆಯಲ್ಲೇ ಅತ್ಯಾಚಾರ, ಕೊಲೆ, ದಂಗೆ ಎಲ್ಲವೂ ಆದವು. ಕುಡಿತ ಬಿಟ್ಟವನಿಗೆ ದೇವರ ಕ್ಷಮೆ ಪೂರ್ತಿ ಸಿಗುತ್ತದೆ. ಅವನ ಯಕೃತ್ತು, ಮಗಳ ನಂಬಿಕೆ ಇವು ಅದೇ ದಿನ ವಾಪಸ್ ಬರುವುದಿಲ್ಲ. ಬಂದರೂ ನಿಧಾನಕ್ಕೆ ಬರುತ್ತವೆ. ಇದನ್ನು ಮುಚ್ಚಿಟ್ಟು ಸಾಂತ್ವನ ಹೇಳಿದರೆ ಆ ಮನುಷ್ಯ ಆಮೇಲೆ ಇನ್ನೂ ಜಾಸ್ತಿ ಕುಸಿಯುತ್ತಾನೆ.

ಹಳೇ ಬೆಳೆ ಎದುರಿಗೆ ನಿಂತಿರುವಾಗಲೇ ಹೊಸ ಬೀಜ ಹಾಕುವುದು ಹೇಗೆ ಅಂತ ತಿಳಿಯಬೇಕಾದರೆ ಲೂಕ 19ರ ಜಕ್ಕಾಯನನ್ನು ನೋಡಬೇಕು. ಅವನು ಯೆರಿಕೋವಿನಲ್ಲಿ ಸುಂಕದವರ ಮುಖ್ಯಸ್ಥ. ಜನರಿಂದ ಹೆಚ್ಚಿಗೆ ಕಿತ್ತು ಶ್ರೀಮಂತನಾದವನು. ಯೇಸು ಮೊದಲು ಅವನ ಹೆಸರು ಹಿಡಿದು ಕರೆದನು, ಈಹೊತ್ತು ನಿನ್ನ ಮನೆಯಲ್ಲಿ ಇಳುಕೊಳ್ಳಬೇಕು ಅಂದನು. ಲೆಕ್ಕ ತೀರಿಸಿ ಬಾ, ಆಮೇಲೆ ನೋಡೋಣ ಅನ್ನಲಿಲ್ಲ. ಜನ ಗೊಣಗಿದರು. ಆಗ ಜಕ್ಕಾಯ ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಯಾರಿಂದಲಾದರೂ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಅವರಿಗೆ ಅಂದ.

ಈ ನಾಲ್ಕರಷ್ಟು ಎಲ್ಲಿಂದ ಬಂತು? ಮೋಶೆಯ ಧರ್ಮಶಾಸ್ತ್ರದಲ್ಲಿ, ತಪ್ಪನ್ನು ತಾನಾಗಿ ಒಪ್ಪಿಕೊಂಡವನು ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು ಅದರ ಮೇಲೆ ಐದನೇ ಒಂದು ಪಾಲು ಸೇರಿಸಿದರೆ ಸಾಕಿತ್ತು. ಒಂದು ಕುರಿಗೆ ನಾಲ್ಕು ಕುರಿ ಅನ್ನುವುದು, ಕುರಿಯನ್ನು ಕದ್ದು ಕೊಯ್ದವನಿಗೋ ಮಾರಿದವನಿಗೋ ಇಟ್ಟಿದ್ದ ದಂಡ. ಜಕ್ಕಾಯನನ್ನು ಯಾರೂ ನ್ಯಾಯಸ್ಥಾನಕ್ಕೆ ಎಳೆದಿರಲಿಲ್ಲ. ಅವನಾಗಿಯೇ ಕುರಿಗಳ್ಳನ ಸಾಲಿನಲ್ಲಿ ಹೋಗಿ ನಿಂತ. ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಅಂತ ಯೇಸು ಅಂದಾಗ ಅವನು ಇನ್ನೂ ಒಂದು ಕಾಸನ್ನೂ ವಾಪಸ್ ಕೊಟ್ಟಿರಲಿಲ್ಲ. ಅದೆಲ್ಲ ಮಾರನೇ ದಿನದಿಂದ ಒಂದೊಂದೇ ಮನೆಯ ಬಾಗಿಲು ತಟ್ಟಿ ಮಾಡಬೇಕಾದ ಕೆಲಸ.